ಅರ್ಧ ಒತ್ತುವ ಬೆರಳು

ಮಾರ್ಚ್ 3, ಸೋಮವಾರ

ಆಸ್ಪತ್ರೆಯ ಖರೀದಿ ವಿಭಾಗದಿಂದ ಸುತ್ತೋಲೆ ಬಂದಿದೆ. ಹೊಸ ಕ್ಯಾಮೆರಾ ಕೊಳ್ಳುವ ಯೋಚನೆಯಂತೆ. ಅದಕ್ಕೆ ಮೊದಲು ಫೋಟೋ ವಿಭಾಗದ ಮೂವರೂ ಈಗಿರುವ ಡಿಜಿಟಲ್ ಕ್ಯಾಮೆರಾದ ಬಗ್ಗೆ ಒಂದೊಂದು ಹಾಳೆ ತುಂಬಿ ಕೊಡಬೇಕು. ಹಾಳೆಯ ನಡುವೆ ಗೆರೆ. ಎಡಕ್ಕೆ ‘ಮೆಚ್ಚುಗೆಯಾದ ಅಂಶಗಳು’, ಬಲಕ್ಕೆ ‘ಮೆಚ್ಚುಗೆಯಾಗದ ಅಂಶಗಳು’. ತಿಂಗಳ ಕೊನೆಯ ಗಡುವು.

ಮೇಲ್ಭಾಗದಲ್ಲಿ ಹುದ್ದೆ, ಸೇವಾವಧಿ, ಕೆಲಸದ ಸ್ವರೂಪ ಕೇಳಿದ್ದಾರೆ. ಬರೆದೆ: ಹಿರಿಯ ಛಾಯಾಗ್ರಾಹಕ. ಹತ್ತೊಂಬತ್ತು ವರ್ಷ. ಬೆಳಗಿನ ಶಸ್ತ್ರಚಿಕಿತ್ಸೆಗಳ ಫೋಟೋ, ದಾಖಲೆಗಾಗಿ ಮತ್ತು ವಿದ್ಯಾರ್ಥಿಗಳ ಪಾಠಕ್ಕಾಗಿ.

ಚಹಾದ ಹೊತ್ತಿಗೆ ಉಳಿದ ಇಬ್ಬರೂ ತಮ್ಮ ಹಾಳೆ ಹಿಡಿದು ಬಂದರು. ಕಣ್ಣಿನ ವಿಭಾಗದಲ್ಲಿ ಫೋಟೋ ತೆಗೆಯುವವರನ್ನು ಎಲ್ಲರೂ ತಾತ ಎನ್ನುತ್ತೇವೆ. ವಯಸ್ಸು ಐವತ್ತೆಂಟೇ. ಫಿಲ್ಮಿನ ಕಾಲದ ಮಾತು ನಿಲ್ಲಿಸುವುದಿಲ್ಲ, ಅದಕ್ಕೆ ಆ ಹೆಸರು.

“ಇಷ್ಟ ಏನು ಅಂದ್ರೆ, ರೋಗಿ ರೆಪ್ಪೆ ಬಡಿದ್ರೆ ಇನ್ನೊಂದು ಹೊಡೀಬಹುದು,” ಅಂದರು. “ಕಷ್ಟ ಏನು ಅಂದ್ರೆ, ಇನ್ನೊಂದು ಹೊಡೀಬಹುದು ಅಂತ ಮೊದಲ್ನೇದನ್ನ ಯಾರೂ ನೆಟ್ಟಗೆ ಹೊಡಿಯಲ್ಲ. ಎರಡು ಕಾಲಂಗೂ ಒಂದೇ ಉತ್ತರ. ಇಂಕು ಉಳೀತು.”

ಇನ್ನೊಬ್ಬಳು ಇಂಚುಪಟ್ಟಿ. ಮಧ್ಯಾಹ್ನ ವಾರ್ಡುಗಳಲ್ಲಿ ಗಾಯ, ಸುಟ್ಟ ಚರ್ಮ, ಗಂಟುಗಳ ಫೋಟೋ ತೆಗೆಯುತ್ತಾಳೆ. ಗಾಯದ ಪಕ್ಕ ಇಟ್ಟು ಅಳತೆ ತೋರಿಸುವ ಪಟ್ಟಿ ಸದಾ ಅವಳ ಜೇಬಿನಲ್ಲಿ ಇರುತ್ತದೆ. ಆಪರೇಷನ್ ಥಿಯೇಟರಿನ ಸಿಸ್ಟರ್ ಇಟ್ಟ ಹೆಸರು ಅಂಟಿಕೊಂಡಿದೆ. ಗುತ್ತಿಗೆ ನೌಕರಿ, ವರ್ಷ ವರ್ಷ ನವೀಕರಣ, ಈ ಮಾರ್ಚ್ 31ಕ್ಕೆ ಮುಗಿಯುತ್ತದೆ.

“ಮೆಚ್ಚಿದ್ದು, ಸ್ಕ್ರೀನ್ ತಿರುಗುತ್ತಲ್ಲ ಸಾರ್, ಮಂಚ ಹತ್ತೋದು ತಪ್ಪಿತು. ಹಳೇ ಕ್ಯಾಮೆರಾ ಇದ್ದಾಗ ಒಬ್ರು ಅಜ್ಜಿ ‘ಹತ್ತಮ್ಮ, ಪಕ್ಕದಲ್ಲೇ ಮಲಕ್ಕೋ’ ಅಂದಿದ್ರು. ಮೆಚ್ಚದ್ದು, ಹಿಡಿ. ಇದನ್ನ ಮಾಡಿದವರ ಮನೇಲಿ ಹೆಣ್ಣುಮಕ್ಕಳೇ ಇರಲಿಲ್ಲ ಅನ್ಸುತ್ತೆ.”

ನಾನು ಎಡಗಡೆ ಒಂದು ಬರೆದೆ: ತೆಗೆದ ಚಿತ್ರ ಅಲ್ಲೇ ಕಾಣುತ್ತದೆ, ಬಾರದಿದ್ದರೆ ‘ಡಾಕ್ಟ್ರೇ, ಇನ್ನೊಂದು ಸಲ ಕೊಯ್ಯಿರಿ’ ಎನ್ನಲಾಗದು. ಬಲಗಡೆ ಒಂದು: ಕೆಂಪು ಸರಿಯಾಗಿ ಬರುವುದಿಲ್ಲ. ಹತ್ತು ಬಗೆಯ ಕೆಂಪು ಒಂದೇ ಬಣ್ಣದ ಡಬ್ಬಿಯಿಂದ ಬಳಿದಂತೆ ಕಾಣುತ್ತದೆ.

ಆಸ್ಪತ್ರೆ ಕೊಡುವ ಪೆನ್ನು ಸರಿಯಿಲ್ಲ. ಅಕ್ಷರ ಕುಂಟುತ್ತದೆ.

ಮಾರ್ಚ್ 5, ಬುಧವಾರ

ಎರಡು ಶಸ್ತ್ರಚಿಕಿತ್ಸೆ, ನೂರಾ ನಲವತ್ತು ಫ್ರೇಮ್. ಕಾರಿಡಾರಿನಲ್ಲಿ ಕ್ಯಾಮೆರಾದ ಪಟ್ಟಿ ಕೈಯಿಂದ ಜಾರಿ ಮೂಲೆ ನೆಲಕ್ಕೆ ತಾಗಿತು. ನೋಡಿದೆ, ಏನೂ ಆಗಿಲ್ಲ. ನೈಲಾನ್ ಪಟ್ಟಿ ಹಳೆಯದಾದಷ್ಟೂ ನುಣುಪಾಗುತ್ತದೆ. ಬಲಗಡೆಯ ಕಾಲಂಗೆ ಸೇರಿಸಬೇಕು.

ಬಸ್ಸಿನಲ್ಲಿ ಕಾದಂಬರಿ ಮುಂದುವರಿಸಿದೆ. ಯಾವುದೋ ಚಳಿ ದೇಶದ್ದು, ಅನುವಾದ. ಗಂಡ ಹೆಂಡತಿಯನ್ನು ‘ನನ್ನ ಮುದ್ದಿನವಳೇ’ ಎಂದು ಕರೆದು ಸಕ್ಕರೆ ಡಬ್ಬಿ ಕೇಳುತ್ತಾನೆ. ನಮ್ಮ ಮನೆಯಲ್ಲಿ ‘ರೀ, ಕಸದ ಗಾಡಿ ಬಂತು’ ಎನ್ನುವುದಕ್ಕಿಂತ ಮುದ್ದಿನ ಮಾತು ಇತ್ತೀಚೆಗೆ ಕೇಳಿಲ್ಲ. ಅನುವಾದಕರ ತಪ್ಪಲ್ಲ, ಅಲ್ಲಿಯ ಗಂಡಂದಿರು ಹಾಗೆ ಇರಬಹುದು. ಈಗಿನ ಮುದ್ರಣದ ಕಾಗದ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಎರಡೆರಡು ಹಾಳೆ ಒಟ್ಟಿಗೆ ತಿರುವಿ, ಒಂದು ಸಾವು ನನಗೆ ತಪ್ಪಿಹೋಗಿತ್ತು. ಹಿಂದೆ ಹೋಗಿ ಓದಿದೆ.

ಮಾರ್ಚ್ 6, ಗುರುವಾರ

ಹೊಸ ಅಂಗಿಯ ಕಾಜ ಚಿಕ್ಕದು. ಗುಂಡಿ ಹಾಕಲು ಹತ್ತು ನಿಮಿಷ. ಹೆಂಡತಿ ಸ್ಕೂಲಿಗೆ ಹೊರಟವಳು ನಿಂತು ನೋಡಿ, “ದರ್ಜಿಗೆ ಶಾಪ ಹಾಕೋದು ಮುಗೀತಾ?” ಅಂದಳು. ಅವಳು ಗಣಿತದ ಟೀಚರು. ಕೊನೆಯ ಎರಡು ಗುಂಡಿ ಅವಳೇ ಹಾಕಿದಳು.

ಮಾರ್ಚ್ 10, ಸೋಮವಾರ

ಬಲಗಡೆಯ ಕಾಲಂಗೆ ಮುಖ್ಯವಾದದ್ದು ಸಿಕ್ಕಿತು. ಶಟರ್ ಬಟನ್.

ಈ ಬಟನ್ನಿಗೆ ಎರಡು ಹಂತ. ಅರ್ಧ ಒತ್ತಿದರೆ ಫೋಕಸ್ ಹಿಡಿದು ನಿಲ್ಲುತ್ತದೆ, ಪೂರ್ತಿ ಒತ್ತಿದರೆ ಚಿತ್ರ. ಆ ಅರ್ಧದಲ್ಲಿ ಬೆರಳಿಗೆ ಒಂದು ಸಣ್ಣ ತಡೆ ಸಿಗಬೇಕು. ನಮ್ಮ ಇಡೀ ಕೆಲಸ ಆ ತಡೆಯ ಮೇಲೆ ಕಾದು ನಿಲ್ಲುವುದು: ಡಾಕ್ಟರ ಕೈ ಸರಿಯುವವರೆಗೆ, ರಕ್ತ ಹೀರುವವರೆಗೆ, ಬೆಳಕು ಬರುವವರೆಗೆ. ಈಗ ತಡೆಯೇ ಸಿಗುತ್ತಿಲ್ಲ. ಬೆರಳು ಇಡುವುದರೊಳಗೆ ಚಿತ್ರ ಆಗಿಹೋಗಿರುತ್ತದೆ, ಫೋಕಸ್ ಎಲ್ಲೋ. ಇಲ್ಲವೇ ಒತ್ತಿದ್ದೇನೆ ಎಂದುಕೊಂಡರೆ ಒತ್ತಿಯೇ ಇರುವುದಿಲ್ಲ.

ಹಾಳೆಯಲ್ಲಿ ಬರೆದೆ: ಶಟರ್ ಬಟನ್ ಸವೆದಿದೆ, ಮೊದಲ ಹಂತ ತಿಳಿಯುವುದಿಲ್ಲ.

ಮಾರ್ಚ್ 12, ಬುಧವಾರ

ದೊಡ್ಡ ಡಾಕ್ಟರ ಶಸ್ತ್ರಚಿಕಿತ್ಸೆ. ನರರೋಗ ವಿಭಾಗದ ಮುಖ್ಯ ಸರ್ಜನ್ನರನ್ನು ನಾವು ಹಾಗೆ ಕರೆಯುತ್ತೇವೆ. ಕತ್ತಿನ ನರದ ಹಿಂದೆ ಗೆಡ್ಡೆ, ಅಪರೂಪದ್ದು. ಐದು ಗಂಟೆ ಸ್ಟೂಲಿನ ಮೇಲೆ ನಿಂತಿದ್ದೆ. ಗೆಡ್ಡೆ ನರದಿಂದ ಬಿಡಿಸಿಕೊಂಡು ಈಚೆ ಬರುವ ಕ್ಷಣ ಬೇಕು ಎಂದು ಮೊದಲೇ ಹೇಳಿದ್ದರು. “ತಗೊಂಡ್ರಾ?” ಅಂದರು. ತೆಗೆದುಕೊಂಡೆ ಅಂದೆ.

ಮಧ್ಯಾಹ್ನ ಕಂಪ್ಯೂಟರಿನಲ್ಲಿ ನೋಡಿದರೆ ಆ ಹನ್ನೊಂದು ಫ್ರೇಮಿನಲ್ಲೂ ಫೋಕಸ್ ಇಕ್ಕಳದ ಹಿಡಿಯ ಮೇಲಿದೆ. ಇಕ್ಕಳದ ಮೇಲೆ ಕೊರೆದ ನಂಬರ್ ಓದಬಹುದು. ಗೆಡ್ಡೆ ಮಂಜು.

ದೊಡ್ಡ ಡಾಕ್ಟರು ಹಿಂದೆ ನಿಂತು ನೋಡಿದರು. ಗದರಲಿಲ್ಲ. “ಇಕ್ಕಳ ಚೆನ್ನಾಗಿ ಬಂದಿದೆ,” ಅಂದು ಹೊರಟುಹೋದರು.

ಮಾರ್ಚ್ 13, ಗುರುವಾರ

ವಿಭಾಗದ ಮುಖ್ಯಸ್ಥರು ಕರೆದರು. ಇವರು ಮೊದಲು ಉಗ್ರಾಣದಲ್ಲಿದ್ದವರು. ಕ್ಯಾಮೆರಾ, ಸ್ಟ್ರೆಚರ್, ಬೆಡ್‌ಪ್ಯಾನ್ ಎಲ್ಲವೂ ಅವರಿಗೆ ಸಾಮಾನೇ. ಬಟನ್ ಸವೆದಿದೆ ಎಂದೆ. ನನ್ನ ಹಾಳೆ ತೋರಿಸಿದೆ, ಹತ್ತನೇ ತಾರೀಖೇ ಬರೆದಿದ್ದೆ.

“ಬರೆದಿಟ್ಟಿದ್ದೀರಿ, ಒಳ್ಳೇದಾಯ್ತು,” ಅಂದರು. “ಬರೆದಿರೋದಕ್ಕೆ ಒಂದು ತೂಕ ಇರುತ್ತೆ.”

ಕ್ಯಾಮೆರಾ ರಿಪೇರಿಗೆ ಹೋಯಿತು. ತಾತನ ವಿಭಾಗದಿಂದ ಒಂದನ್ನು ಎರವಲು ತಂದುಕೊಂಡೆವು.

ಮಾರ್ಚ್ 14, ಶುಕ್ರವಾರ

ಎರವಲು ಕ್ಯಾಮೆರಾದ ಬಟನ್ ಕೂಡ ಹಾಗೇ ಇದೆ. ಒಂದೇ ಕಂಪನಿ, ಒಂದೇ ವರ್ಷದ್ದು. ಆ ಸರಕೇ ಅಷ್ಟು.

ಮಾರ್ಚ್ 18, ಮಂಗಳವಾರ

ರಿಪೇರಿಯವರು ಕ್ಯಾಮೆರಾ ತಂದು ಮುಖ್ಯಸ್ಥರ ಮೇಜಿನ ಮೇಲಿಟ್ಟರು. ಗಿಡ್ಡ ಮನುಷ್ಯ, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿಕೊಂಡಿದ್ದರು.

“ಬಟನ್ ಬಿಚ್ಚಿ ನೋಡ್ದೆ ಸಾರ್. ಹೊಸದರ ಹಾಗಿದೆ. ಸುಮ್ನೆ ದೂರು ಬರೀಬೇಡಿ, ಅದಕ್ಕೂ ಬೇಜಾರಾಗುತ್ತೆ.”

“ಮತ್ತೆ ಫೋಟೋ ಯಾಕೆ ಹಾಳಾಯ್ತು?”

“ಅದು ನನಗೇನು ಗೊತ್ತು. ಒಂದು ಹೇಳ್ತೀನಿ, ಈ ಮೂಲೆ ನೋಡಿ, ಬಿದ್ದಿದೆ. ಬಿದ್ದ ಕ್ಯಾಮೆರಾ ಒಂದೊಂದು ಸಲ ಆಟ ಆಡುತ್ತೆ. ನನ್ನ ಮುಂದೆ ಆಡ್ಲಿಲ್ಲ, ಅಷ್ಟೆ.”

ಅವರು ಹೋದ ಮೇಲೆ ಮುಖ್ಯಸ್ಥರು ಮೂಲೆಯ ತಗ್ಗನ್ನು ಹೆಬ್ಬೆರಳಲ್ಲಿ ಸವರುತ್ತ ಕೇಳಿದರು, “ಮಧ್ಯಾಹ್ನ ಇದು ಆ ಹುಡುಗಿ ಕೈಲಿ ಇರುತ್ತಲ್ಲ?”

“ಇರುತ್ತೆ.”

“ಹಿಡಿ ತನ್ನ ಕೈಗೆ ದೊಡ್ಡದು ಅಂತ ತಾನೇ ಬರೆದುಕೊಟ್ಟಿದ್ದಾಳೆ.”

ಅದಕ್ಕೆ ನಾನು ಏನೂ ಹೇಳಲಿಲ್ಲ. ಅವಳ ಹಾಳೆಯಲ್ಲಿ ಹಾಗೆ ಇರುವುದು ನಿಜ. ನಾನು ಹೇಳಿದ್ದೂ ನಿಜ.

ಮಾರ್ಚ್ 19, ಬುಧವಾರ

ಚಪ್ಪಲಿಯ ಅಟ್ಟೆ ಒಂದು ಕಡೆ ಸವೆದಿದೆ. ಎರಡು ಸಲ ಎಡವಿದೆ. ಹೊಸದು ಕೊಳ್ಳಬೇಕು.

ಮಾರ್ಚ್ 21, ಶುಕ್ರವಾರ

ಇಂಚುಪಟ್ಟಿ ಕಾಯುತ್ತಿದ್ದಳು. ನಾನು ಕೋಣೆಯ ಬೀಗದ ಜೊತೆ ಒದ್ದಾಡುತ್ತಿದ್ದೆ. ಬೀಗಕ್ಕೆ ಎಣ್ಣೆ ಬಿಟ್ಟು ವರ್ಷವಾಗಿದೆ. ಅವಳೇ ತೆಗೆದುಕೊಟ್ಟಳು, ಒಂದೇ ತಿರುವಿಗೆ.

“ಸಾರ್, ನಂದು ನವೀಕರಣ ಮಾಡಲ್ವಂತೆ. ಸಾಮಾನು ಜೋಪಾನ ಮಾಡಲ್ಲ ಅಂತ ಬರೀತಾರಂತೆ.”

“ಯಾರು ಹೇಳಿದ್ದು?”

“ಗುಮಾಸ್ತರು. ಬರೆದ ಮೇಲೆ ನನಗೆ ಬೇರೆ ಆಸ್ಪತ್ರೇಲೂ ಕಷ್ಟ.” ಬೀಗದ ಕೈ ವಾಪಸ್ ಕೊಡುತ್ತ, “ನಾನು ಬೀಳ್ಸಿಲ್ಲ ಸಾರ್. ಬೀಳ್ಸಿದ್ರೆ ಹೇಳ್ತಿದ್ದೆ. ಹೋದ ವರ್ಷ ಲೆನ್ಸಿನ ಮುಚ್ಚಳ ಸಿಂಕಿಗೆ ಬೀಳ್ಸಿದ್ದೂ ನಾನೇ ಬಂದು ಹೇಳಿದ್ದಲ್ವಾ?”

“ಹೌದು.”

“ನೀವು ಹತ್ತೊಂಬತ್ತು ವರ್ಷದವರು. ನಿಮ್ಮ ಮಾತು ನಡಿಯುತ್ತೆ. ಒಂದು ಮಾತು ಹೇಳ್ತೀರಾ?”

ನೋಡೋಣ ಅಂದೆ. ಅವಳು ನನ್ನ ಮುಖವನ್ನು, ಗಾಯಕ್ಕೆ ಅಳತೆಪಟ್ಟಿ ಹಿಡಿಯುವಾಗ ನೋಡುವಂತೆ, ಒಂದು ಕ್ಷಣ ನೋಡಿ ಹೋದಳು. ಅವಳಿಗೆ ಅಮ್ಮ, ಓದುವ ತಂಗಿ ಇದ್ದಾರೆ. ನನಗೆ ಏನಾದರೂ ಅನ್ನಿಸಬೇಕಿತ್ತು. ಕಾರ್ಡಿನಿಂದ ಫೋಟೋ ಇಳಿಸುವುದು ಬಾಕಿ ಇತ್ತು, ಇಳಿಸಿದೆ.

ಮಾರ್ಚ್ 22, ಶನಿವಾರ

ಬೆಳಿಗ್ಗೆ ಚಹಾ ನಾನೇ ಮಾಡಿದೆ. ಪೇಪರ್ ಓದುತ್ತಿದ್ದಾಗ ಹೆಂಡತಿ ನನ್ನ ಕೈ ಎಳೆದು ಬೆಳಕಿಗೆ ಹಿಡಿದಳು.

“ಏನಿದು ಬೊಬ್ಬೆ?”

ತೋರುಬೆರಳ ತುದಿಯಲ್ಲಿ ಬಟಾಣಿ ಗಾತ್ರದ ಬೊಬ್ಬೆ. ನೀರು ತುಂಬಿದೆ.

“ಪಾತ್ರೆ ತಾಗಿರಬೇಕು.”

“ಯಾವಾಗ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ? ಸುಟ್ಟಾಗ ಕೈ ಎಳ್ಕೊಳ್ಳಲ್ವಾ ಮನುಷ್ಯರು?”

ಅವಳು ಕೈ ಬಿಡಲಿಲ್ಲ. ನಾನೇ ಬಿಡಿಸಿಕೊಂಡೆ. ಮಧ್ಯಾಹ್ನ ಅವಳು ಪರೀಕ್ಷೆಯ ಪೇಪರ್ ತಿದ್ದುತ್ತ ಕೂತಿದ್ದಳು. ನಾನು ಹಾದುಹೋದಾಗೆಲ್ಲ ತಲೆ ಎತ್ತಿ ನನ್ನ ಕಾಲು ನೋಡುತ್ತಿದ್ದಳು.

ಮಾರ್ಚ್ 23, ಭಾನುವಾರ

ಕಾದಂಬರಿ ಮುಗಿಯಿತು. ಮುನ್ನೂರು ಪುಟ ಎಲ್ಲರೂ ಎಲ್ಲವನ್ನೂ ಹೇಳುತ್ತಾರೆ, ಬೇಕಾದ ಒಂದನ್ನು ಬಿಟ್ಟು. ಓದಲು ಬೇರೇನೂ ಇರಲಿಲ್ಲ. ಈ ದಿನಚರಿಯನ್ನೇ ತಿಂಗಳ ಮೊದಲಿನಿಂದ ಓದಿದೆ.

ಪೆನ್ನು. ಪಟ್ಟಿ. ಕಾಗದ. ಕಾಜ. ಬಟನ್. ಇನ್ನೊಂದು ಬಟನ್. ಚಪ್ಪಲಿ. ಬೀಗ.

ಐದನೇ ತಾರೀಖಿನ ಪುಟದಲ್ಲಿ ನನ್ನ ಅಕ್ಷರದಲ್ಲೇ ಇದೆ: ಕ್ಯಾಮೆರಾದ ಮೂಲೆ ನೆಲಕ್ಕೆ ತಾಗಿತು.

ಬೀರುವಿನಿಂದ ನನ್ನ ಸ್ವಂತ ಹಳೆಯ ಕ್ಯಾಮೆರಾ ತೆಗೆದೆ. ಬೇರೆ ಕಂಪನಿಯದು, ಬೇರೆ ವರ್ಷದ್ದು. ಕಣ್ಣು ಮುಚ್ಚಿ ಬಲಗೈಯ ತೋರುಬೆರಳಲ್ಲಿ ಒತ್ತಿದೆ. ತಡೆ ಸಿಗಲಿಲ್ಲ. ಕ್ಯಾಮೆರಾ ತಲೆಕೆಳಗು ಮಾಡಿ ಎಡಗೈಯ ಬೆರಳಿಟ್ಟೆ. ಅರ್ಧದಲ್ಲಿ ತಡೆ, ಆಮೇಲೆ ಪೂರ್ತಿ. ಸ್ಪಷ್ಟವಾಗಿ. ಮತ್ತೆ ಬಲಗೈ. ಮತ್ತೆ ಎಡಗೈ. ಇಪ್ಪತ್ತು ಸಲ ಮಾಡಿದೆ. ಕಾರ್ಡಿನ ತುಂಬ ನಮ್ಮ ಮನೆಯ ಗೋಡೆ.

ಮಾರ್ಚ್ 24, ಸೋಮವಾರ

ಕೆಲಸ ಇತ್ತು.

ಮಾರ್ಚ್ 25, ಮಂಗಳವಾರ

ಎರಡು ಶಸ್ತ್ರಚಿಕಿತ್ಸೆ. ಫೋಕಸ್ಸನ್ನು ಹೆಬ್ಬೆರಳ ಬಳಿಯ ಗುಂಡಿಗೆ ಬದಲಾಯಿಸಿಕೊಂಡೆ. ಮೆನುವಿನ ಒಂಬತ್ತನೇ ಪುಟದಲ್ಲಿದೆ. ಹೆಬ್ಬೆರಳಿಗೆ ಇನ್ನೂ ತಿಳಿಯುತ್ತದೆ. ಒತ್ತಿದ್ದು ಗೊತ್ತಾಗಲೆಂದು ಬೀಪ್ ಶಬ್ದವನ್ನೂ ಹಾಕಿದೆ. ಥಿಯೇಟರಿನ ಸಿಸ್ಟರ್, “ಅದೇನ್ರೀ ಕೋಳಿಮರಿ ಸಾಕಿದ್ದೀರಾ?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಫೋಟೋಗಳು ಪರವಾಗಿಲ್ಲ. ಹೀಗೆ ಇನ್ನೂ ಕೆಲವು ತಿಂಗಳು ನಡೆಸಬಹುದು.

ಇಂಚುಪಟ್ಟಿ ತನ್ನ ಮೇಜಿನ ಡ್ರಾಯರ್ ಖಾಲಿ ಮಾಡಲು ಶುರು ಮಾಡಿದ್ದಾಳೆ. ಅವಳ ಎರಡು ಅಳತೆಪಟ್ಟಿಗಳಲ್ಲಿ ಒಂದು ಆಸ್ಪತ್ರೆಯದು, ಅದನ್ನು ಒರೆಸಿ ನನ್ನ ಮೇಜಿನ ಮೇಲೆ ಇಟ್ಟಿದ್ದಾಳೆ.

ಮಾರ್ಚ್ 26, ಬುಧವಾರ

ಊಟವಾದ ಮೇಲೆ ಹೆಂಡತಿ ಕೇಳಿದಳು, “ಎಷ್ಟು ದಿನದಿಂದ?”

“ಏನು?”

“ನಿಮಗೆ ಗೊತ್ತಿರೋದು.”

“ಭಾನುವಾರದಿಂದ.”

“ನನಗೆ ಜನವರಿಯಿಂದ,” ಅಂದಳು. “ಮೆಟ್ಟಿಲು ಇಳೀವಾಗ ಗೋಡೆ ಹಿಡೀತೀರಿ. ಸಂಜೆ ಚಿಲ್ಲರೆ ಎಣಿಸೋಕೆ ಜೇಬಿಂದ ಮೇಜಿಗೆ ಸುರೀತೀರಿ. ಕೇಳಿದ್ರೆ ಚಿಲ್ಲರೆನೇ ಸರಿಯಿಲ್ಲ ಅಂತೀರಿ ಅಂತ ಕೇಳ್ಲಿಲ್ಲ.”

ದಿನವಿಡೀ ಡಾಕ್ಟರುಗಳ ನಡುವೆಯೇ ಇರುತ್ತೀರಲ್ಲ, ಒಬ್ಬರಿಗೆ ತೋರಿಸಬಾರದೇ ಅಂದಳು. ತೋರಿಸಿದರೆ ಥಿಯೇಟರಿನ ಕೆಲಸ ಹೋಗುತ್ತದೆ ಅಂದೆ. ಬೆರಳು ಗೊತ್ತಾಗದವನನ್ನು ತೆರೆದ ಹೊಟ್ಟೆಯ ಮೇಲೆ ಒಂದೂವರೆ ಕಿಲೋ ಕ್ಯಾಮೆರಾ ಹಿಡಿದು ನಿಲ್ಲಲು ಯಾರೂ ಬಿಡುವುದಿಲ್ಲ. ಬಿಡಬಾರದು ಕೂಡ.

ಇಂಚುಪಟ್ಟಿಯ ವಿಷಯವನ್ನೂ ಹೇಳಿದೆ. ಅದನ್ನು ಹೇಳಬೇಕೆಂದಿರಲಿಲ್ಲ, ಬಂತು.

ಅವಳು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. “ಸೋಮವಾರ ಮೂವತ್ತೊಂದು,” ಅಂದಳು. ಲೆಕ್ಕದ ಟೀಚರಿಗೆ ಅಷ್ಟು ಸಾಕು.

ಮಾರ್ಚ್ 27, ಗುರುವಾರ

ಹೇಳಬೇಕೆಂದು ಮುಖ್ಯಸ್ಥರ ಕೋಣೆಗೆ ಹೋದೆ. ಫೋನಿನಲ್ಲಿದ್ದರು. ಕೂರಿ ಎಂದು ಸನ್ನೆ ಮಾಡಿದರು. ಕೂತೆ. ಫೋನ್ ಇಟ್ಟು, “ಹೇಳಿ,” ಅಂದರು. ಕೋಣೆಗೆ ಹೊಸ ಟ್ಯೂಬ್‌ಲೈಟ್ ಬೇಕು ಅಂದೆ. ಬರೆದುಕೊಂಡರು.

ಮಾರ್ಚ್ 28, ಶುಕ್ರವಾರ

ಟ್ಯೂಬ್‌ಲೈಟ್ ಬಂತು. ಹತ್ತೊಂಬತ್ತು ವರ್ಷದಲ್ಲಿ ಇಲ್ಲಿ ಕೇಳಿದ ವಸ್ತು ಮರುದಿನವೇ ಬಂದದ್ದು ಇದೇ ಮೊದಲು. ಅದನ್ನು ಹಾಕಿದವರು ಹೋದ ಮೇಲೆ, ನನ್ನ ಹಾಳೆ ತೆಗೆದು ‘ಶಟರ್ ಬಟನ್ ಸವೆದಿದೆ’ ಎಂಬುದನ್ನು ಹೊಡೆದುಹಾಕಿ ಕೆಳಗೆ ಬರೆದೆ: ಬಟನ್ನಿನಲ್ಲಿ ದೋಷವಿಲ್ಲ. ಬಳಸುವವನ ಬಲಗೈಗೆ ಸ್ಪರ್ಶ ತಿಳಿಯುತ್ತಿಲ್ಲ. ಮಾರ್ಚ್ 5ರಂದು ಕ್ಯಾಮೆರಾ ಬಿದ್ದದ್ದು ನನ್ನ ಕೈಯಿಂದ. ಸಹಿ ಮಾಡಿದೆ. ಸಹಿ ನನ್ನದರಂತೆ ಇರಲಿಲ್ಲ.

ಮುಖ್ಯಸ್ಥರು ಎರಡು ಸಲ ಓದಿದರು.

“ಇದನ್ನ ಯಾವ ಕಾಲಂಗೆ ಸೇರಿಸ್ಲಿ ನಾನು? ಇದು ಕ್ಯಾಮೆರಾದ ದೋಷ ಅಲ್ವಲ್ಲ.”

“ಅಲ್ಲ.”

“ಆವತ್ತು ಕೇಳ್ದಾಗ ಯಾಕೆ ಹೇಳ್ಲಿಲ್ಲ?”

“ಅವಳ ಕೈಲಿ ಇರುತ್ತಾ ಅಂತ ಕೇಳಿದ್ರಿ. ಇರುತ್ತೆ ಅಂದೆ.”

ಅವರು ನನ್ನನ್ನು ನೋಡಿದರು. ಉಗ್ರಾಣದಲ್ಲಿ ಇಪ್ಪತ್ತು ವರ್ಷ ಇದ್ದವರಿಗೆ ಹೀಗೆ ಉತ್ತರ ಕೊಡುವವರು ಬಹಳ ಮಂದಿ ಸಿಕ್ಕಿರಬೇಕು.

“ಚೆನ್ನಾಗಿದೆ,” ಅಂದರು. “ಸುಳ್ಳೂ ಹೇಳ್ಲಿಲ್ಲ, ಆ ಹುಡುಗಿಗೆ ಅನ್ನವೂ ಉಳೀಲಿಲ್ಲ.” ಆಮೇಲೆ ಗುಮಾಸ್ತರನ್ನು ಕರೆದು ಒಂದು ಕಡತ ವಾಪಸ್ ತರಿಸಿದರು. ನನಗೆ, “ನಾಳೆಯಿಂದ ಥಿಯೇಟರಿಗೆ ಹೋಗ್ಬೇಡಿ. ಮೊದಲು ಕೈ ತೋರಿಸಿ. ತೋರಿಸಿದ್ದಕ್ಕೆ ಚೀಟಿ ತನ್ನಿ,” ಅಂದರು.

ಕೋಣೆಗೆ ಬಂದಾಗ ಹೊಸ ಬೆಳಕಿನಲ್ಲಿ ಮೇಜಿನ ಮೇಲಿನ ಧೂಳೆಲ್ಲ ಕಾಣುತ್ತಿತ್ತು. ಒರೆಸಿದೆ. ಇಂಚುಪಟ್ಟಿ ಬಂದಾಗ ಎಲ್ಲ ಹೇಳಿದೆ, ಐದನೇ ತಾರೀಖನ್ನೂ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಆದಳು.

“ಒಂದು ವಾರ ಸಾರ್,” ಅಂದಳು. “ಒಂದು ವಾರ ನಮ್ಮನೇಲಿ ಯಾರೂ ನೆಟ್ಟಗೆ ಊಟ ಮಾಡಿಲ್ಲ.”

ಅವಳು ಬಾಗಿಲವರೆಗೆ ಹೋದವಳು ತಿರುಗಿ ಬಂದು, ನನ್ನ ಮೇಜಿನ ಮೇಲಿದ್ದ ಆಸ್ಪತ್ರೆಯ ಪಟ್ಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡು ಹೋದಳು.

ಮಾರ್ಚ್ 29, ಶನಿವಾರ

ದೊಡ್ಡ ಡಾಕ್ಟರೇ ನೋಡಿದರು. ಹೆಂಡತಿ ಜೊತೆಗಿದ್ದಳು. ಸುತ್ತಿಗೆಯಿಂದ ಮೊಣಕಾಲು ತಟ್ಟಿದರು, ಕಾಲು ಮೇಜಿಗೆ ಒದೆಯಿತು. ಅಷ್ಟು ಚುರುಕು ಒಳ್ಳೆಯದಲ್ಲವಂತೆ. ಒಂದರ ಮುಂದೊಂದು ಪಾದ ಇಟ್ಟು ಗೆರೆಯ ಮೇಲೆ ನಡೆಯಿರಿ ಅಂದರು. ನಾಲ್ಕನೇ ಹೆಜ್ಜೆಗೆ ಗೋಡೆ ಹಿಡಿದೆ.

“ಕಣ್ಣು ಮುಚ್ಚಿ. ಸೂಜಿ ಚುಚ್ಚಿದಾಗ ಹೇಳಿ,” ಅಂದರು.

ಮುಚ್ಚಿದೆ. ಕಾದೆ. ಹೊರಗೆ ಟ್ರಾಲಿಯ ಚಕ್ರದ ಸದ್ದು. ಯಾರೋ ಯಾರನ್ನೋ ಲಿಫ್ಟಿಗೆ ಕರೆಯುತ್ತಿದ್ದರು. ತುಂಬ ಹೊತ್ತಾಯಿತು.

“ಶುರು ಮಾಡಿ ಡಾಕ್ಟ್ರೇ,” ಅಂದೆ.

ಕಣ್ಣು ಬಿಟ್ಟಾಗ ಅವರು ಹತ್ತಿಯಿಂದ ನನ್ನ ತೋರುಬೆರಳು ಒರೆಸುತ್ತಿದ್ದರು. ಮೂರು ಕಡೆ ರಕ್ತದ ಚುಕ್ಕಿ ಇತ್ತು. ಹೆಂಡತಿ ಕಿಟಕಿಯ ಕಡೆ ತಿರುಗಿದ್ದಳು.

ಏಪ್ರಿಲ್ 2, ಬುಧವಾರ

ಸ್ಕ್ಯಾನ್ ಬಂತು. ಕತ್ತಿನ ಮೂಳೆಗಳ ನಡುವೆ ನರದ ಹುರಿ ಒತ್ತಿಹೋಗಿದೆ. ದೊಡ್ಡ ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. ಒಳ್ಳೆಯ ಚಿತ್ರ, ಪ್ರತಿಯೊಂದು ಅಂಚೂ ಸ್ಪಷ್ಟ. ಶಸ್ತ್ರಚಿಕಿತ್ಸೆ ಬೇಗ ಆಗಬೇಕು.

“ಹೋಗಿದ್ದು ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ,” ಅಂದರು. “ಬಂದ್ರೆ ಲಾಭ. ಇರೋದನ್ನ ಉಳಿಸ್ಕೊಳ್ಳೋಕೆ ಮಾಡೋದು. ಇನ್ನು ಮೂರು ತಿಂಗಳು ಬಿಟ್ಟು ಬಂದಿದ್ರೆ ಗಾಲಿಕುರ್ಚೀಲಿ ಬರ್ತಿದ್ರಿ.”

“ಥಿಯೇಟರ್ ಕೆಲಸ?”

“ಮೊದಲು ಅಂಗಿ ಗುಂಡಿ ಹಾಕ್ಕೊಳ್ಳಿ.”

ಇಂಚುಪಟ್ಟಿಯ ನವೀಕರಣ ಆಗಿದೆ. ಬೆಳಗಿನ ಶಸ್ತ್ರಚಿಕಿತ್ಸೆಗಳೂ ಈಗ ಅವಳಿಗೇ. ನಾನು ಗುಣವಾಗಿ ಬಂದರೆ ಹಳೆಯ ಫೋಟೋಗಳ ದಾಖಲೆ ಕೋಣೆಯಂತೆ, ನೆಲಮಾಳಿಗೆಯಲ್ಲಿ. ತಾತ ಬಂದು ಹೇಳಿದರು, “ಅಲ್ಲಿ ನನ್ನ ಫಿಲ್ಮುಗಳೆಲ್ಲ ಇವೆ. ನೋಡ್ಕೋ, ಕಣ್ಣು ತಂಪಾಗುತ್ತೆ. ಒಂದೊಂದು ರೋಗಿಗೆ ಒಂದೇ ಒಂದು.”

ಸರಿ ಅಂದೆ. ಬೇಸರವಾಗಿದೆಯೇ ಎಂದು ಹೆಂಡತಿ ಕೇಳಿದಳು. ನೋಡಿಕೊಂಡೆ. ತಿಳಿಯಲಿಲ್ಲ.

ಏಪ್ರಿಲ್ 8, ಮಂಗಳವಾರ

ನಾಳೆ ಬೆಳಿಗ್ಗೆ ಎಂಟಕ್ಕೆ. ಇವತ್ತು ಮಧ್ಯಾಹ್ನ ದಾಖಲಾದೆ. ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ. ಈ ವಾರ್ಡಿಗೆ ಸಾವಿರ ಸಲ ಬಂದಿದ್ದೇನೆ. ಅದರ ಸೀಲಿಂಗ್ ನೋಡಿದ್ದು ಈಗಲೇ. ಒಂದು ಮೂಲೆಯಲ್ಲಿ ಯಾರೋ ಬಹಳ ಹಿಂದೆ ಬಣ್ಣ ಬಳಿಯುವುದನ್ನು ಅರ್ಧಕ್ಕೆ ಬಿಟ್ಟಿದ್ದಾರೆ.

ಮೂರು ಗಂಟೆಗೆ ಇಂಚುಪಟ್ಟಿ ಕಾಗದ ಹಿಡಿದು ಬಂದಳು. ಹೆಗಲಲ್ಲಿ ಕ್ಯಾಮೆರಾ ಇತ್ತು. ಶಸ್ತ್ರಚಿಕಿತ್ಸೆಯ ಫೋಟೋ ತೆಗೆಯಲು ರೋಗಿಯ ಒಪ್ಪಿಗೆ ಪತ್ರ. ಇಷ್ಟು ವರ್ಷ ನಾನೇ ಇದನ್ನು ಮಂಚದಿಂದ ಮಂಚಕ್ಕೆ ಒಯ್ದು ಸಹಿ ಹಾಕಿಸಿದ್ದೇನೆ. ಪೂರ್ತಿ ಓದಿರಲಿಲ್ಲ. ಓದಿದೆ. ವಾಕ್ಯಗಳು ಉದ್ದ, ಕೆಟ್ಟ ಅನುವಾದದಂತಿವೆ. ‘ರೋಗಿಯ ಮುಖವು ಯಾವುದೇ ಚಿತ್ರದಲ್ಲಿ ಕಂಡುಬರತಕ್ಕದ್ದಲ್ಲ.’ ಸಹಿ ಮಾಡಿದೆ.

“ನಾಳೆ ಸ್ಟೂಲು ಎಡಗಡೆ ಹಾಕ್ಕೋ,” ಅಂದೆ. “ದೊಡ್ಡ ಡಾಕ್ಟರ ಬಲಭುಜ ಅಡ್ಡ ಬರುತ್ತೆ. ಸರಿಯೋಕೆ ಹೇಳಿದ್ರೆ ಸರೀತಾರೆ, ಆದ್ರೆ ಆಮೇಲೆ ಒಂದು ವಾರ ಮಾತಾಡಲ್ಲ. ಇನ್ನೊಂದು, ಸ್ಪೇರ್ ಬ್ಯಾಟರೀನ ಅಂಗಿ ಒಳಗೆ ಇಟ್ಕೋ. ಥಿಯೇಟರ್ ಚಳಿಗೆ ಬೇಗ ಇಳಿಯುತ್ತೆ.”

“ಆಯ್ತು ಸಾರ್.”

“ಇಕ್ಕಳದ ಮೇಲೆ ಫೋಕಸ್ ಮಾಡ್ಬೇಡ.”

ಅವಳು ನಕ್ಕಳು. ಆ ದಿನದ ನಂತರ ನನ್ನ ಮುಂದೆ ಅವಳು ನಕ್ಕದ್ದು ಇದೇ ಮೊದಲು. ಕಾಗದ ಮಡಚಿ ಹೊರಟವಳು ನಿಂತು, “ಸಾರ್, ನಾಳೆ ನಿಮ್ಮ ಮುಖ ತೆಗೆಯೋ ಹಾಗಿಲ್ಲ. ಇವತ್ತು ಒಂದು ತೆಗೀಲಾ? ದಾಖಲೆಗಲ್ಲ,” ಅಂದಳು.

ಬೇಡ ಅಂದೆ. ಸರಿ ಸಾರ್ ಅಂದು ಹೋದಳು.

ಲಿಫ್ಟಿನ ಬಾಗಿಲು ತೆರೆದ ಸದ್ದು ಕೇಳಿಸಿತು. ಆಗ ಅವಳನ್ನು ಕೂಗಿದೆ. ಹೆಸರು ಹಿಡಿದು ಕೂಗಿದೆ, ಇಂಚುಪಟ್ಟಿ ಎಂದಲ್ಲ. ಎದುರು ಮಂಚದವರು ಬೆಚ್ಚಿ ಎದ್ದು ಕೂತರು. ಅಷ್ಟು ಜೋರಾಗಿ ಕೂಗಬೇಕಿರಲಿಲ್ಲ.

ಅವಳು ತಿರುಗಿ ಬರುವಷ್ಟರಲ್ಲಿ, ಜೊತೆಗಿದ್ದ ಹೆಂಡತಿ ನನ್ನ ತಲೆ ಬಾಚಿದಳು. “ನಾನೂ ಇರ್ಲಾ, ಇಲ್ಲ ಇವರೊಬ್ರದೇನಾ?” ಅಂತ ಕೇಳಿದಳು. ಇರಿ ಮೇಡಂ ಅಂದಳು ಅವಳು. ಹೆಂಡತಿ ಮಂಚದ ಅಂಚಿನಲ್ಲಿ ನನ್ನ ಬಲಗಡೆ ಕೂತಳು. ನಾನು ಲೆನ್ಸಿನ ಕಡೆ ನೋಡಿದೆ. ಒಂದೇ ಒಂದು ಫ್ರೇಮ್ ತೆಗೆದಳು.

ಸ್ಕ್ರೀನ್ ತಿರುಗಿಸಿ ತೋರಿಸಿದಳು. ಬೆಳಕು ಚೆನ್ನಾಗಿತ್ತು. ಫೋಕಸ್ ಕಣ್ಣಿನ ಮೇಲೆಯೇ ಇತ್ತು. ಕೆಳಗೆ, ಹೊದಿಕೆಯ ಮೇಲೆ, ಹೆಂಡತಿ ನನ್ನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಳು. ಅದು ನನಗೆ ಚಿತ್ರ ನೋಡಿದ ಮೇಲೆ ಗೊತ್ತಾಯಿತು.